‘ಬ್ರೇಕರ್ ಮುಚ್ಚಿ’ ಎಂದು ಬರೆಯಬೇಡಿ: ಎಲೆಕ್ಟ್ರಿಕಲ್ ಎಂಜಿನಿಯರ್‌ಗಳಿಗೆ ಬರವಣಿಗೆಯ ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಅಡಿಕೆ ತೋಟ. ಏಪ್ರಿಲ್ ತಿಂಗಳು. ಕೆಳತೋಟದ ಪಂಪಿನ ಸ್ಟಾರ್ಟರ್ ಅರ್ಧ ಗಂಟೆಗೊಮ್ಮೆ ಟ್ರಿಪ್ ಆಗುತ್ತಿತ್ತು. ಮೋಟರ್ ಸುಟ್ಟಿರಬೇಕು, ಬಿಚ್ಚಿ ರಿವೈಂಡಿಂಗಿಗೆ ಕೊಡುವುದೇ ಸರಿ ಎಂದು ಮನೆಯವರು ಜೀಪಿಗೂ ಹೇಳಿ ಆಗಿತ್ತು. ನಾನು ಹೋಗಿ ಸ್ಟಾರ್ಟರಿನ ಮುಚ್ಚಳ ಬಿಚ್ಚಿದೆ. ಒಳಬದಿಗೆ ಒಂದು ರಟ್ಟಿನ ತುಂಡು ಅಂಟಿಸಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಮೂರು ಸಾಲು:

12-3-2009 ಸಂಜೆ 4. ನೀರು ಹೋಗುವಾಗ 398 ವೋಲ್ಟ್.
7.8, 7.9, 7.8 ಆಂಪಿಯರ್. ರಿಲೇ 8ಕ್ಕೆ ಇಟ್ಟದ್ದು.
ಕೇಬಲ್ ತಾಮ್ರ 4 ಸ್ಕ್ವೇರ್, 250 ಮೀಟರ್.

ರಿಲೇ ಎಂದರೆ ಇಟ್ಟ ಆಂಪಿಯರ್ ದಾಟಿದರೆ ಮೋಟರ್ ನಿಲ್ಲಿಸುವ ಭಾಗ. ಸ್ಕ್ವೇರ್ ಎಂದರೆ ತಂತಿಯ ದಪ್ಪ, ಚದರ ಮಿಲಿಮೀಟರ್ ಲೆಕ್ಕದಲ್ಲಿ. ಬರೆದ ವಯರ್‌ಮ್ಯಾನ್ ತೀರಿಕೊಂಡು ವರ್ಷಗಳಾಗಿವೆ. ಮೀಟರ್ ಹಚ್ಚಿ ನೋಡಿದೆ. ಮೋಟರಿನ ಹತ್ತಿರ 330 ವೋಲ್ಟ್, ಮೂರು ಫೇಸಿನಲ್ಲೂ ಹತ್ತಿರ ಹತ್ತಿರ 9.5 ಆಂಪಿಯರ್. ಲೆಕ್ಕ ಅಲ್ಲೇ ಕೂತಿತು. ಮೋಟರ್ ಮಾಡಬೇಕಾದ ಕೆಲಸ ಮೊದಲಿನಷ್ಟೇ ಇದೆ, ವೋಲ್ಟೇಜ್ ಕಡಿಮೆ, ಹಾಗಾಗಿ ಅದು ಜಾಸ್ತಿ ಆಂಪಿಯರ್ ಎಳೆಯುತ್ತಿದೆ, 8 ದಾಟಿದ್ದರಿಂದ ರಿಲೇ ಟ್ರಿಪ್ ಆಗುತ್ತಿದೆ. 7.9ನ್ನು 398ರಿಂದ ಗುಣಿಸಿ 330ರಿಂದ ಭಾಗಿಸಿದರೆ 9.5 ಬರುತ್ತದೆ. ಮೂರು ಫೇಸೂ ಸಮ ಇದ್ದದ್ದರಿಂದ ವೈಂಡಿಂಗ್ ಮೇಲೆ ಅನುಮಾನ ಪಡುವ ಕಾರಣವೂ ಇರಲಿಲ್ಲ. ಬೇಸಿಗೆಯಲ್ಲಿ ಊರಿನ ಎಲ್ಲ ತೋಟಗಳ ಪಂಪೂ ಒಟ್ಟಿಗೆ ಓಡುವ ಹೊತ್ತು ಅದು. ಮೋಟರ್ ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಆ ರಟ್ಟು ಇಲ್ಲದಿದ್ದರೆ ನನ್ನ ಕೈಯಲ್ಲಿ 9.5 ಎಂಬ ಒಂದು ಅಂಕಿ ಮಾತ್ರ ಇರುತ್ತಿತ್ತು. ಅದು ಜಾಸ್ತಿಯೋ ಕಡಿಮೆಯೋ ಹೇಳಲು ಹೋಲಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ನಮಗೆ ಕಾಲೇಜಿನಲ್ಲಿ ಸರ್ಕ್ಯೂಟ್ ಕಲಿಸುತ್ತಾರೆ, ಮೆಷಿನ್ ಕಲಿಸುತ್ತಾರೆ. ಬರೆಯುವುದನ್ನು ಕಲಿಸುವುದಿಲ್ಲ. ಕಾಸರಗೋಡಿನ ತೋಟ, ಗಿರಣಿ, ಶಾಲೆ, ಕಲ್ಯಾಣ ಮಂಟಪಗಳಲ್ಲಿ ಕೆಲಸ ಮಾಡುತ್ತಾ ನಾನು ರೂಢಿಸಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ನಾವು ಬರೆದದ್ದನ್ನು ಓದುವವರು ರಾತ್ರಿ, ಮಳೆಯಲ್ಲಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು ನಿಂತಿರುತ್ತಾರೆ. ಆಗ ನಾವು ಅಲ್ಲಿರುವುದಿಲ್ಲ. ಅವರ ಕೈ ಸರಿಯಾದ ಸ್ವಿಚ್ಚಿಗೇ ಹೋಗಬೇಕು.

ಮೊದಲ ಹೆಜ್ಜೆ: ಅಲ್ಲೇ ಬರೆಯಿರಿ

ಹೊಲಿಗೆ ಹಾಕಿದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಿಡಿ ಹಾಳೆ ಬೇಡ, ಸುರುಳಿ ತಂತಿಯದ್ದೂ ಬೇಡ. ಹಾಳೆ ಕಿತ್ತು ಹೋಗುತ್ತದೆ. ಕೊಂಡ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ. ಜೂನ್ ತಿಂಗಳಲ್ಲಿ ಒದ್ದೆ ಕೈಯಿಂದ ಪುಟ ತಿರುಗಿಸಿದವರಿಗೆ ಯಾಕೆಂದು ಗೊತ್ತು.

ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಪೆನ್ಸಿಲ್ ಅಂತ ಅಳಿಸಲು ಹೋಗಬೇಡಿ. ಹಳೆಯ ಅಂಕಿ ಕಾಣುತ್ತಿರಲಿ. ಕೆಲವೊಮ್ಮೆ ಮೊದಲು ಬರೆದದ್ದೇ ಸರಿ ಇರುತ್ತದೆ.

ಈಗ ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಒಳ್ಳೆಯದೇ. ಆದರೆ ಆರು ತಿಂಗಳ ನಂತರ ಮೂರು ಸಾವಿರ ಫೋಟೋಗಳ ನಡುವೆ ಆ ಪ್ಯಾನೆಲ್ ಯಾವುದು ಎಂದು ಹುಡುಕಬೇಕಲ್ವಾ? ಫೋಟೋ ತೆಗೆಯುವ ಮೊದಲು ಒಂದು ಚೀಟಿಯಲ್ಲಿ ಜಾಗ, ತಾರೀಕು, ನೋಟ್‌ಬುಕ್ಕಿನ ಪುಟ ಬರೆದು ಆ ಚೀಟಿಯೂ ಫೋಟೋದಲ್ಲಿ ಬರುವ ಹಾಗೆ ಇಡಿ.

ಮೋಟರಿನ ನೇಮ್‌ಪ್ಲೇಟನ್ನು ಮಾತ್ರ ಕೈಯಲ್ಲೇ ನಕಲು ಮಾಡಿ, ಒಂದು ಅಕ್ಷರವೂ ಬಿಡದೆ. ಬರೆಯುವಾಗಲೇ ಕಣ್ಣಿಗೆ ಬೀಳುವ ಸಂಗತಿಗಳಿರುತ್ತವೆ. ನಮ್ಮಲ್ಲಿ ಗಲ್ಫಿನಿಂದ ಬಂದವರು ಯಂತ್ರಗಳನ್ನೂ ತರುತ್ತಾರೆ. ಸೌದಿಯಲ್ಲಿ 60 ಹರ್ಟ್ಸ್, ಇಲ್ಲಿ 50. ಅಲ್ಲಿ ನಿಮಿಷಕ್ಕೆ 1,800 ಸುತ್ತಿನ ಸಿಂಕ್ರೊನಸ್ ವೇಗ ಇರುವ ನಾಲ್ಕು ಪೋಲಿನ ಮೋಟರ್ ಇಲ್ಲಿ 1,500ಕ್ಕೆ ಇಳಿಯುತ್ತದೆ. ‘ಪಂಪ್ ನೀರು ಎತ್ತುವುದಿಲ್ಲ’ ಎಂಬ ದೂರಿನ ಉತ್ತರ ನೇಮ್‌ಪ್ಲೇಟಿನ ಆ ಒಂದು ಅಂಕಿಯಲ್ಲಿರಬಹುದು.

ಎರಡನೆಯದು: ಒಂಟಿ ಅಂಕಿ ಬರೆಯಬೇಡಿ

ಪ್ರತಿ ರೀಡಿಂಗಿನ ಜೊತೆ ನಾಲ್ಕು ಸಂಗತಿ ಇರಬೇಕು: ಎಲ್ಲಿ ಅಳೆದದ್ದು, ಯಾವಾಗ, ಆಗ ಲೋಡ್ ಎಷ್ಟಿತ್ತು, ಯಾವ ಮೀಟರಿನಲ್ಲಿ. ‘ವೋಲ್ಟೇಜ್ 348’ ಎಂದರೆ ಏನೂ ತಿಳಿಯುವುದಿಲ್ಲ. ‘ಮೀಟರ್ ಬೋರ್ಡಿನಲ್ಲಿ, ಸಂಜೆ 6:30ಕ್ಕೆ, ಪಂಪ್ ಓಡುವಾಗ, ಫೇಸ್‌ಗಳ ನಡುವೆ 348’ ಎಂದರೆ ತಿಳಿಯುತ್ತದೆ. ನಮ್ಮ ದೇಶದ ಸಾಮಾನ್ಯ ವೋಲ್ಟೇಜ್ ಮೂರು ಫೇಸಿಗೆ 400, ಒಂದು ಫೇಸಿಗೆ 230, ಹೆಚ್ಚು ಕಡಿಮೆ ಶೇಕಡಾ 10ರೊಳಗೆ. ಅಂದರೆ 360ರ ಕೆಳಗೆ ಇಳಿದರೆ ದೂರು ಕೊಡುವ ವಿಷಯ. ದೂರಿನ ಪತ್ರದಲ್ಲೂ ಬಿಲ್ಲಿನ ಮೇಲಿನ 13 ಅಂಕಿಯ ಕನ್ಸ್ಯೂಮರ್ ನಂಬರ್, ಕಂಬದ ಮೇಲೆ ಬರೆದ ನಂಬರ್, ಮೂರು ದಿನದ ರೀಡಿಂಗ್, ಗಂಟೆ ಇಷ್ಟು ಹಾಕಿ. ‘ತುಂಬಾ ದಿನದಿಂದ ಭಾರೀ ತೊಂದರೆ’ ಎಂಬ ಸಾಲು ಬೇಡ. ರೀಡಿಂಗ್ ಇರುವ ಪತ್ರ ಓದಿದವರಿಗೆ ಎಲ್ಲಿಂದ ಕೆಲಸ ಶುರು ಮಾಡಬೇಕೆಂದು ಗೊತ್ತಾಗುತ್ತದೆ.

ಮೀಟರ್ ಯಾವುದೆಂದು ಬರೆಯಲು ಕಾರಣವಿದೆ. ಡ್ರೈವ್ (ಮೋಟರಿನ ವೇಗ ಬದಲಿಸುವ ಸಾಧನ) ಹಾಕಿದ ಮೋಟರಿನ ತಂತಿಯಲ್ಲಿ ಸಾಮಾನ್ಯ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಆಂಪಿಯರ್ ಅಳೆಯುವ ಮೀಟರ್) ತಪ್ಪು ಅಂಕಿ ತೋರಿಸುತ್ತದೆ. ಅಲೆಯ ಆಕಾರ ಕೆಟ್ಟಿದ್ದರೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು. ಇಬ್ಬರು ಎರಡು ಮೀಟರಿನಲ್ಲಿ ಅಳೆದು ಒಂದೇ ಕಾಲಮ್ಮಿನಲ್ಲಿ ಬರೆದರೆ ಮೂರನೆಯವನು ಇಲ್ಲದ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ.

ಈ ನಾಲ್ಕರ ಬೆಲೆ ನನಗೆ ಸರಿಯಾಗಿ ತಿಳಿದದ್ದು ಅರ್ತಿಂಗ್ ವಿಷಯದಲ್ಲಿ. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಸ್ಪಂಜಿನ ಹಾಗೆ ನೀರು ಕುಡಿದಿರುತ್ತದೆ. ಮಾರ್ಚ್ ದಾಟಿದರೆ ಒಣಗಿ ಇಟ್ಟಿಗೆಯಾಗುತ್ತದೆ. ಪದವಿನ (ಎತ್ತರದ ಬಯಲಿನ) ಮೇಲಿನ ಒಂದು ಕಟ್ಟಡದ ಅರ್ತ್ ಪಿಟ್ ಜುಲೈಯಲ್ಲಿ 2.1 ಓಮ್ ತೋರಿಸಿತ್ತು. ಅದೇ ಪಿಟ್, ಅದೇ ಮೀಟರ್, ಮೇ ತಿಂಗಳಲ್ಲಿ 11.4. ಮಳೆಗಾಲದ ರೀಡಿಂಗ್ ಮಾತ್ರ ಇಟ್ಟುಕೊಂಡು ‘ಅರ್ತಿಂಗ್ ಚೆನ್ನಾಗಿದೆ’ ಎಂದು ವರದಿ ಬರೆದರೆ, ಬೇಸಿಗೆಯಲ್ಲಿ ಅಲ್ಲಿ ಕೆಲಸ ಮಾಡುವವರಿಗೆ ನಾವು ಸುಳ್ಳು ಹೇಳಿದಂತೆ. ಹಾಗಾಗಿ ನಮ್ಮ ಕಡೆ ಅರ್ತ್ ಟೆಸ್ಟನ್ನು ಏಪ್ರಿಲ್ ಕೊನೆಗೆ ಅಥವಾ ಮೇಯಲ್ಲಿ ಮಾಡಿ, ಹಿಂದಿನ ಮಳೆ ಯಾವತ್ತು ಬಂತು ಎಂಬುದನ್ನೂ ಬರೆಯಿರಿ.

ಅಳೆದ ಬಗೆಯನ್ನೂ ಬರೆಯಬೇಕು. ಅರ್ತ್ ಅಳೆಯಲು ಪಿಟ್‌ನಿಂದ ಒಂದೇ ಸಾಲಿನಲ್ಲಿ ಎರಡು ಸ್ಪೈಕ್ (ಲೋಹದ ಕಡ್ಡಿ) ನೆಲಕ್ಕೆ ಚುಚ್ಚುತ್ತೇವೆ. ಪಿಟ್‌ನಿಂದ ಹೊರಗಿನ ಸ್ಪೈಕ್ 30 ಮೀಟರ್ ದೂರ ಇದ್ದರೆ, ನಡುವಿನ ಸ್ಪೈಕ್ ಅದರ ಶೇಕಡಾ 62ರಷ್ಟರಲ್ಲಿ, ಅಂದರೆ ಸುಮಾರು 18.5 ಮೀಟರಿನಲ್ಲಿ ಬರಬೇಕು. ಅಲ್ಲಿಂದ 3 ಮೀಟರ್ ಹಿಂದೆ, 3 ಮೀಟರ್ ಮುಂದೆ ಸರಿಸಿ ಮತ್ತೆ ನೋಡಿ. ಮೂರೂ ರೀಡಿಂಗ್ ಹತ್ತಿರ ಹತ್ತಿರ ಬಂದರೆ ನಂಬಬಹುದು. ಬರದಿದ್ದರೆ ಹೊರಗಿನ ಸ್ಪೈಕನ್ನು ಇನ್ನೂ ದೂರ ಹಾಕಿ ಮತ್ತೆ ಮಾಡಿ. ಪಾರೆಯಲ್ಲಿ ಸ್ಪೈಕ್ ಇಳಿಯುವುದೇ ಕಷ್ಟ, ಒಪ್ಪಿದೆ. ಸಿಕ್ಕಿದಲ್ಲಿ ಚುಚ್ಚಿ ಅಳೆದಿದ್ದರೆ ‘ದೂರ 12 ಮೀಟರ್ ಮಾತ್ರ, ಕೆಳಗೆ ಕಲ್ಲು’ ಎಂದು ಬರೆದುಬಿಡಿ. ಮುಂದೆ ಓದುವವರು ಆ ಅಂಕಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಡುತ್ತಾರೆ.

ಇನ್ಸುಲೇಷನ್ ಅಳೆಯುವ ಮೆಗ್ಗರಿನ ರೀಡಿಂಗಿಗೂ ಇದೇ ಮಾತು. ಎಷ್ಟು ವೋಲ್ಟಿನಲ್ಲಿ, ಎಷ್ಟು ಹೊತ್ತು, ಮೋಟರ್ ಬಿಸಿ ಇತ್ತೋ ತಣ್ಣಗಿತ್ತೋ. ಬಿಸಿ 10 ಡಿಗ್ರಿ ಏರಿದರೆ ಇನ್ಸುಲೇಷನ್ ರೀಡಿಂಗ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈಗಷ್ಟೇ ನಿಲ್ಲಿಸಿದ ಮೋಟರನ್ನೂ ಬೆಳಗ್ಗೆ ತಣ್ಣಗಿದ್ದ ಮೋಟರನ್ನೂ ಹೋಲಿಸಿ ‘ಇನ್ಸುಲೇಷನ್ ಹಾಳಾಗುತ್ತಿದೆ’ ಎಂದು ಬರೆದವರನ್ನು ನೋಡಿದ್ದೇನೆ.

ಮೂರನೆಯದು: ಮಾತಿನ ಪದ, ಬರೆಯುವ ಪದ

ಇದು ಎಲ್ಲಕ್ಕಿಂತ ಮುಖ್ಯ. ನಿಧಾನವಾಗಿ ಓದಿ.

ಕಾಲೇಜಿನಲ್ಲಿ ಸ್ವಿಚ್ ‘ಕ್ಲೋಸ್’ ಆಯ್ತೆಂದರೆ ವಿದ್ಯುತ್ ಹರಿಯುತ್ತದೆ, ‘ಓಪನ್’ ಆದರೆ ನಿಲ್ಲುತ್ತದೆ. ಇದನ್ನು ಯೋಚಿಸದೆ ಕನ್ನಡ ಮಾಡಿದವರು ‘ಬ್ರೇಕರ್ ಮುಚ್ಚಿ’, ‘ಬ್ರೇಕರ್ ತೆರೆಯಿರಿ’ ಎಂದು ಬರೆಯುತ್ತಾರೆ. ಈಗ ತೋಟದಲ್ಲಿ ದುಡಿಯುವ ಒಬ್ಬರ ಕಣ್ಣಿನಿಂದ ಓದಿ ನೋಡಿ. ಅವರು ಇಡೀ ದಿನ ಗೇಟ್ ವಾಲ್ವ್ ತಿರುಗಿಸುವವರು. ವಾಲ್ವ್ ಮುಚ್ಚಿದರೆ ನೀರು ನಿಲ್ಲುತ್ತದೆ. ನಳ್ಳಿ ಮುಚ್ಚಿದರೆ ನೀರು ನಿಲ್ಲುತ್ತದೆ. ‘ಬ್ರೇಕರ್ ಮುಚ್ಚಿ’ ಎಂದರೆ ಅವರಿಗೆ ಕರೆಂಟ್ ನಿಲ್ಲಿಸಿ ಎಂದೇ ಅರ್ಥ. ನಾವು ಬರೆದದ್ದು ಅದಕ್ಕೆ ಪೂರಾ ಉಲ್ಟಾ. ‘ತೆರೆಯಿರಿ’ ಎಂದರೆ ಪ್ಯಾನೆಲಿನ ಬಾಗಿಲು ತೆರೆಯುತ್ತಾರೆ. ‘ಸ್ವಿಚ್ ತೆಗೆಯಿರಿ’ ಇನ್ನೂ ಕಷ್ಟ. ಒಬ್ಬರಿಗೆ ಅದು ಆಫ್ ಮಾಡುವುದು, ಇನ್ನೊಬ್ಬರಿಗೆ ಬಿಚ್ಚಿ ಹೊರಗಿಡುವುದು.

ಈ ಒಂದು ಪದದಿಂದ ಜೀವ ಹೋಗಬಹುದು. ಹಾಗಾಗಿ ಶುದ್ಧ ಕನ್ನಡ ಎಂಬ ಹಟ ಇಲ್ಲಿ ಬೇಡವೇ ಬೇಡ. ‘ಆನ್ ಮಾಡಿ’, ‘ಆಫ್ ಮಾಡಿ’ ಎಂದು ಬರೆಯಿರಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಯಾವುದು ಮಾತಾಡುವವರಿಗೂ ಆನ್ ಆನ್ ಆಗಿಯೇ ಇದೆ.

ಇನ್ನೊಂದು ಪದ ‘ಕರೆಂಟ್’. ನಮ್ಮ ಮಾತಿನಲ್ಲಿ ಅದಕ್ಕೆ ಮೂರು ಅರ್ಥ. ‘ಕರೆಂಟ್ ಹೋಯ್ತು’ ಎಂದರೆ ಸಪ್ಲೈ ಇಲ್ಲ. ‘ಕರೆಂಟ್ ಕಡಿಮೆ’ ಎಂದರೆ ವೋಲ್ಟೇಜ್ ಕಡಿಮೆ. ಎಂಜಿನಿಯರ್ ಬರೆದರೆ ಆಂಪಿಯರ್. ಮೇಲಿನ ತೋಟದ ಕಥೆಯನ್ನೇ ನೋಡಿ. ಮನೆಯವರು ಫೋನಿನಲ್ಲಿ ಹೇಳಿದ್ದು ‘ಮೋಟರಿಗೆ ಕರೆಂಟ್ ಕಡಿಮೆ ಬರ್ತದೆ ಸಾರ್’ ಎಂದು. ಅವರು ಹೇಳಿದ್ದು ಸರಿಯೇ. ಆದರೆ ಆಂಪಿಯರ್ ಜಾಸ್ತಿ ಇತ್ತು! ಅವರ ಮಾತನ್ನು ಹಾಗೇ ಕೆಲಸದ ಪುಸ್ತಕದಲ್ಲಿ ‘ಕರೆಂಟ್ ಕಡಿಮೆ’ ಎಂದು ಇಳಿಸಿದರೆ ಮುಂದಿನವರು ದಾರಿ ತಪ್ಪುತ್ತಾರೆ. ನಾನು ಬರೆಯುವಾಗ ಕರೆಂಟ್ ಎಂಬ ಪದವನ್ನೇ ಬಿಟ್ಟಿದ್ದೇನೆ. ಸಪ್ಲೈ, ವೋಲ್ಟ್, ಆಂಪಿಯರ್, ಈ ಮೂರರಲ್ಲಿ ಯಾವುದೆಂದು ಬರೆಯುತ್ತೇನೆ. ಗ್ರಾಹಕರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಉದ್ಧರಣ ಚಿಹ್ನೆ ಹಾಕಿ ಬೇರೆ ಸಾಲಿನಲ್ಲಿ ಬರೆಯುತ್ತೇನೆ.

‘ಶಾರ್ಟ್ ಆಗಿದೆ’ ಎಂಬುದೂ ಹಾಗೆಯೇ. ಎರಡು ಫೇಸ್ ಮುಟ್ಟಿದ್ದೋ, ಫೇಸ್ ಮತ್ತು ಬಾಡಿಯೋ, ತಂತಿ ತುಂಡಾದದ್ದೋ? ಯಾವುದರಿಂದ ಯಾವುದಕ್ಕೆ ಎಂದು ಬರೆಯಿರಿ.

ಕನ್ನಡದ ವಾಕ್ಯದಲ್ಲಿ ‘ಬೇಡ’ ಕೊನೆಗೆ ಬರುತ್ತದೆ. ಅದನ್ನು ನೆನಪಿಡಿ. ‘ಸ್ವಿಚ್ ಹಾಕಿ ಮುಟ್ಟಬೇಡಿ’ ಎಂಬ ಬೋರ್ಡ್ ಒಂದು ಶೆಡ್ಡಿನಲ್ಲಿತ್ತು. ಸ್ವಿಚ್ ಹಾಕಬೇಕೋ ಬೇಡವೋ? ಅರ್ಧ ಓದಿದವನು ಹಾಕಿಯೇ ಬಿಡುತ್ತಾನೆ. ‘ಮುಟ್ಟಬೇಡಿ. ಸ್ವಿಚ್ ಆನ್ ಇದೆ.’ ಎಂದು ಎರಡು ವಾಕ್ಯ ಮಾಡಿದರೆ ಗೊಂದಲವಿಲ್ಲ.

ಬಣ್ಣವನ್ನೂ ಸುಮ್ನೆ ನಂಬಬೇಡಿ. ನಮ್ಮ ಹಳೆ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಮೂರು ಫೇಸ್, ಕಪ್ಪು ನ್ಯೂಟ್ರಲ್. ಹೊರದೇಶದ ಎಷ್ಟೋ ಯಂತ್ರಗಳಲ್ಲಿ ನೀಲಿಯೇ ನ್ಯೂಟ್ರಲ್, ಕಪ್ಪು ಒಂದು ಫೇಸ್. ‘ನೀಲಿ ತಂತಿ ಬಿಚ್ಚಿ’ ಎಂದು ಬರೆಯುವ ಬದಲು ತಂತಿಗೆ ನಂಬರ್ ಕೊಟ್ಟು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ.

ನಾಲ್ಕನೆಯದು: ಅಂಕಿ ಮತ್ತು ಮಾಪಕ

ಚಿಕ್ಕ ‘ಎಂ’ ಮಿಲಿ, ದೊಡ್ಡ ‘ಎಂ’ ಮೆಗಾ. ನಡುವಿನ ವ್ಯತ್ಯಾಸ 100 ಕೋಟಿ ಪಟ್ಟು. ಕೇಬಲ್ ಜಾಯಿಂಟಿನ ರೀಡಿಂಗ್ ಮಿಲಿ ಓಮ್, ಇನ್ಸುಲೇಷನ್ ರೀಡಿಂಗ್ ಮೆಗಾ ಓಮ್. ಕೈಬರಹದಲ್ಲಿ ಎರಡೂ ಒಂದೇ ರೀತಿ ಕಂಡರೆ ಚೆನ್ನಾಗಿರುವ ಕೇಬಲನ್ನು ಕಿತ್ತು ಹಾಕುತ್ತಾರೆ, ಹಾಳಾದದ್ದನ್ನು ಇಟ್ಟುಕೊಳ್ಳುತ್ತಾರೆ. ಕೈಯಲ್ಲಿ ಬರೆಯುವಾಗ ‘ಮೆಗಾ’, ‘ಮಿಲಿ’ ಎಂದು ಪೂರ್ತಿ ಬರೆಯುವುದೇ ಸುಲಭ. ಎರಡು ಅಕ್ಷರ ತಾನೇ.

ದಶಾಂಶದ ಮೊದಲು ಸೊನ್ನೆ ಬಿಡಬೇಡಿ. ‘0.5’ ಎಂದು ಬರೆಯಿರಿ. ಬರೀ ಚುಕ್ಕಿ ಮತ್ತು 5 ಇದ್ದರೆ, ಚುಕ್ಕಿ ಮಾಸಿದ ದಿನ ಅದು 5. ಹಾಗೆಯೇ ರಿಲೇ ಸೆಟ್ಟಿಂಗ್ 8 ಆಂಪಿಯರ್ ಆದರೆ ‘8.0’ ಬೇಡ, ಅದು 80 ಆಗಬಹುದು.

ಕನ್ನಡ ಅಂಕಿ ನನಗೆ ಇಷ್ಟ. ಮದುವೆ ಕಾಗದದಲ್ಲಿ ಹಾಕಿಸುತ್ತೇನೆ. ಪ್ಯಾನೆಲ್ ಮೇಲೆ ಮಾತ್ರ ಬೇಡ. ಅವಸರದಲ್ಲಿ ಬರೆದ ೬ ಮತ್ತು ೯, ೧ ಮತ್ತು ೦ ಒಂದರಂತೆ ಇನ್ನೊಂದು ಕಾಣುತ್ತವೆ. ಮಲಯಾಳ ಮಾತ್ರ ಓದುವ ಜೊತೆಗಾರನಿಗೆ ಅವು ಗೊತ್ತೂ ಇರುವುದಿಲ್ಲ.

ಐದನೆಯದು: ಕೆಲಸದ ಕ್ರಮ ಬರೆಯುವುದು

ಒಂದು ಸಾಲಿಗೆ ಒಂದೇ ಕೆಲಸ. ಎಚ್ಚರಿಕೆ ಕೆಲಸಕ್ಕಿಂತ ಮೇಲೆ. ಬೇಕಾದಲ್ಲಿ, ಆ ಕೆಲಸ ಆದ ಮೇಲೆ ಏನು ಕಾಣಬೇಕು ಎಂಬುದನ್ನೂ ಬರೆಯಿರಿ. ಆ ತೋಟಕ್ಕೆ ಆಮೇಲೆ ನಾನು ಬರೆದು ಕೊಟ್ಟ ಹಾಳೆ ಇದು (ಎಂಸಿಬಿ ಎಂದರೆ ಬೋರ್ಡಿನ ಸಣ್ಣ ಬ್ರೇಕರ್, ಚೇಂಜ್‌ಓವರ್ ಎಂದರೆ ಎರಡು ಸಪ್ಲೈಗಳ ನಡುವೆ ಬದಲಿಸುವ ಸ್ವಿಚ್):

ಕೆಲಸ: ಕೆಳತೋಟದ 5 ಎಚ್‌ಪಿ ಮೋಟರ್ ಬಿಚ್ಚುವುದು.
ಎಚ್ಚರಿಕೆ: ಈ ಶೆಡ್ಡಿಗೆ ಎರಡು ಕಡೆಯಿಂದ ಸಪ್ಲೈ ಇದೆ. ಒಂದು ಮೀಟರ್ ಬೋರ್ಡಿನಿಂದ. ಇನ್ನೊಂದು ಜನರೇಟರಿನಿಂದ.
1. ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ. ಮೋಟರ್ ನಿಲ್ಲಬೇಕು.
2. ಮೀಟರ್ ಬೋರ್ಡಿನಲ್ಲಿ ‘ಪಂಪ್ 2’ ಎಂಬ ಎಂಸಿಬಿ ಆಫ್ ಮಾಡಿ.
3. ಅದಕ್ಕೆ ಬೀಗ ಹಾಕಿ. ಕೀ ನಿಮ್ಮ ಕಿಸೆಯಲ್ಲೇ ಇರಲಿ.
4. ಚೇಂಜ್‌ಓವರ್ ಸ್ವಿಚ್ಚನ್ನು ನಡುವಿನ 0ಗೆ ತನ್ನಿ.
5. ಅದಕ್ಕೂ ಬೀಗ ಹಾಕಿ.
6. ಮನೆಯ ಪ್ಲಗ್ಗಿನಲ್ಲಿ ನಿಮ್ಮ ಮೀಟರ್ ಹಚ್ಚಿ. 230ರ ಹತ್ತಿರ ತೋರಿಸಬೇಕು.
7. ಶೆಡ್ಡಿನಲ್ಲಿ ಸ್ಟಾರ್ಟರಿಗೆ ಬರುವ ಮೂರು ತಂತಿಗಳ ನಡುವೆ, ಮತ್ತೆ ಪ್ರತಿಯೊಂದಕ್ಕೂ ಅರ್ತಿಗೂ ನಡುವೆ ನೋಡಿ. ಎಲ್ಲದರಲ್ಲೂ 0 ಬರಬೇಕು.
8. ಮತ್ತೆ ಮನೆಯ ಪ್ಲಗ್ಗಿನಲ್ಲಿ ಮೀಟರ್ ನೋಡಿ. 230ರ ಹತ್ತಿರ ತೋರಿಸಿದರೆ ಮಾತ್ರ ಮೋಟರ್ ಬಿಚ್ಚಿ.

ಎಂಟನೆಯ ಸಾಲಿಗೆ 250 ಮೀಟರ್ ವಾಪಸ್ ನಡೆಯಬೇಕು. ನಡೆಯಿರಿ. ನಡುವೆ ಮೀಟರಿನ ಪ್ರೋಬಿನ ತಂತಿ ತುಂಡಾಗಿದ್ದರೂ ಅದು 0 ತೋರಿಸುತ್ತದೆ. ಟೆಸ್ಟರ್ ಪೆನ್ ಒಂದನ್ನೇ ನಂಬಿ ಈ ಕೆಲಸ ಮಾಡಬಾರದು.

ಆರನೆಯದು: ಕಂಡದ್ದು ಬೇರೆ, ಊಹಿಸಿದ್ದು ಬೇರೆ

ದೋಷದ ವರದಿಗೆ ಮೂರು ಭಾಗ ಸಾಕು. ಏನು ಕಂಡೆ. ಏನು ಅಳೆದೆ. ಏನು ಅಂದುಕೊಂಡಿದ್ದೇನೆ. ಈ ಮೂರನ್ನು ಬೆರೆಸಬೇಡಿ.

ನಮ್ಮ ಕಡೆ ಮಳೆಗಾಲದ ಮುಂಚೆ, ಮತ್ತೆ ಅಕ್ಟೋಬರ್ ಹೊತ್ತಿಗೆ ಸಂಜೆ ಸಿಡಿಲು ಜಾಸ್ತಿ. ಏನು ಸುಟ್ಟರೂ ‘ಸಿಡಿಲಿಗೆ ಹೋಯ್ತು’ ಎಂದು ಬರೆಯುವುದು ಅಭ್ಯಾಸವಾಗಿದೆ. ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ವರ್ಷದಲ್ಲಿ ಮೂರು ಸಲ ಒಂದೇ ಕಂಟ್ರೋಲ್ ಬೋರ್ಡ್ ಸುಟ್ಟಿತ್ತು. ಮೂರು ವರದಿಯಲ್ಲೂ ಒಂದೇ ಸಾಲು: ಸಿಡಿಲಿನಿಂದ ಹಾನಿ. ನಾಲ್ಕನೆಯ ಸಲ ನನ್ನನ್ನು ಕರೆದರು. ಹಳೆ ಬಿಲ್ಲುಗಳ ತಾರೀಕು ನೋಡಿದರೆ ಒಂದು ಸಲ ಬೋರ್ಡ್ ಹೋದದ್ದು ಜನವರಿಯಲ್ಲಿ, ಮೋಡವೇ ಇಲ್ಲದ ತಿಂಗಳು. ಹುಡುಕಿದಾಗ ಸಿಕ್ಕಿದ್ದು ನ್ಯೂಟ್ರಲಿನ ಸಡಿಲ ಜಾಯಿಂಟ್. ಮುಟ್ಟಿದರೆ ಅಲುಗುತ್ತಿತ್ತು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ನ್ಯೂಟ್ರಲ್ ಬಿಟ್ಟಾಗ ಲೋಡ್ ಕಡಿಮೆ ಇರುವ ಫೇಸಿನ ವೋಲ್ಟೇಜ್ 230ಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ, ಬೋರ್ಡ್ ಸುಡುತ್ತದೆ.

ಮೊದಲ ಸಲವೇ ‘ಕಂಡದ್ದು: ನ್ಯೂಟ್ರಲ್ ಟರ್ಮಿನಲ್ ಹತ್ತಿರ ಕಂದು ಕಲೆ. ಅಂದುಕೊಂಡದ್ದು: ಸಿಡಿಲು’ ಎಂದು ಬರೆದಿದ್ದರೂ ಸಾಕಿತ್ತು. ಊಹೆ ತಪ್ಪಾದರೂ ಕಂದು ಕಲೆ ಕಾಗದದಲ್ಲಿ ಉಳಿದಿರುತ್ತಿತ್ತು. ಎರಡನೆಯವರು ಅಲ್ಲಿಂದ ಶುರು ಮಾಡುತ್ತಿದ್ದರು.

ಏಳನೆಯದು: ನಿಮ್ಮದೇ ಒಂದು ಲೆಕ್ಕದ ಹಾಳೆ

ದೊಡ್ಡ ಹ್ಯಾಂಡ್‌ಬುಕ್ ಮನೆಯಲ್ಲಿರಲಿ. ನೋಟ್‌ಬುಕ್ಕಿನ ಹಿಂದಿನ ನಾಲ್ಕು ಪುಟದಲ್ಲಿ ನೀವು ದಿನಾ ಬಳಸುವ ಲೆಕ್ಕ ಮಾತ್ರ ಇರಲಿ. ಸೂತ್ರದ ಕೆಳಗೆ ನೀವೇ ಮಾಡಿದ ಒಂದು ಉದಾಹರಣೆ ಇರಬೇಕು. ಸೂತ್ರ ಮರೆತರೂ ಉದಾಹರಣೆ ನೋಡಿದರೆ ನೆನಪಾಗುತ್ತದೆ.

ನನ್ನ ಪುಟದಲ್ಲಿ ಇರುವುದು ಹೀಗೆ. 5 ಎಚ್‌ಪಿ ಎಂದರೆ 3,730 ವ್ಯಾಟ್. ಎಫಿಷಿಯೆನ್ಸಿ 0.85, ಪವರ್ ಫ್ಯಾಕ್ಟರ್ 0.8 ಹಿಡಿದರೆ, 3,730ನ್ನು 1.732, 400, 0.85, 0.8 ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ಸುಮಾರು 7.9 ಆಂಪಿಯರ್. ಮೂರು ಫೇಸಿನಲ್ಲಿ ಎಚ್‌ಪಿಗೆ ಒಂದೂವರೆ ಆಂಪಿಯರ್ ಎಂದು ಹಳಬರು ಹೇಳುವುದು ಇದನ್ನೇ.

ಅದರ ಕೆಳಗೆ ಕೇಬಲ್. ತಾಮ್ರದ ತಂತಿಯ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 2.5 ಸ್ಕ್ವೇರ್ ಆದರೆ 7.41 ಓಮ್, 4 ಸ್ಕ್ವೇರ್ 4.61, 6 ಸ್ಕ್ವೇರ್ 3.08, 10 ಸ್ಕ್ವೇರ್ 1.83. ತಂತಿ ಪೂರ್ತಿ ಬಿಸಿಯಾಗಿ 70 ಡಿಗ್ರಿಗೆ ಬಂದರೆ ಇದರ 1.2 ಪಟ್ಟು. ಮೂರು ಫೇಸಿನ ವೋಲ್ಟೇಜ್ ಡ್ರಾಪಿಗೆ 1.732, ಆಂಪಿಯರ್, ಒಂದು ತಂತಿಯ ಓಮ್, ಪವರ್ ಫ್ಯಾಕ್ಟರ್ ಇಷ್ಟನ್ನೂ ಗುಣಿಸಿ. ಸಣ್ಣ ಕೇಬಲಿಗೆ ಈ ಲೆಕ್ಕ ಸಾಕು. 8 ಆಂಪಿಯರಿಗೆ 250 ಮೀಟರಿನಲ್ಲಿ, ಬಿಸಿ ತಂತಿಯಲ್ಲಿ, 2.5 ಸ್ಕ್ವೇರ್ ಸುಮಾರು 25 ವೋಲ್ಟ್ ತಿನ್ನುತ್ತದೆ. 4 ಸ್ಕ್ವೇರ್ 15. 6 ಸ್ಕ್ವೇರ್ 10. ತೋಟದವರಿಗೆ ಈ ಮೂರು ಅಂಕಿ ತೋರಿಸಿದರೆ ‘ದಪ್ಪ ಕೇಬಲ್ ಯಾಕೆ’ ಎಂದು ಮತ್ತೆ ಕೇಳುವುದಿಲ್ಲ.

ಒಂದು ಸಂಗತಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಮೋಟರಿಗೆ ನೇರ ಪೂರ್ತಿ ವೋಲ್ಟೇಜ್ ಕೊಡುವ ಡಿಒಎಲ್ ಸ್ಟಾರ್ಟರಿನಲ್ಲಿ ರಿಲೇಯನ್ನು ನೇಮ್‌ಪ್ಲೇಟಿನ ಆಂಪಿಯರಿಗೆ ಇಡಬೇಕು. ಮೊದಲು ಕಡಿಮೆ, ಆಮೇಲೆ ಪೂರ್ತಿ ವೋಲ್ಟೇಜ್ ಕೊಡುವ ಸ್ಟಾರ್ ಡೆಲ್ಟಾದಲ್ಲಿ ರಿಲೇ ವೈಂಡಿಂಗಿನ ಸಾಲಿನಲ್ಲಿ ಕೂತಿದ್ದರೆ ಅದರ 0.58 ಪಟ್ಟು. ನೇಮ್‌ಪ್ಲೇಟ್ 21 ಆಂಪಿಯರ್ ಆದರೆ 12.2. ರಿಲೇ ಎಲ್ಲಿದೆ ಎಂದು ಚಿತ್ರದಲ್ಲಿ ತೋರಿಸದೆ ಬರೀ ‘ರಿಲೇ: ನೇಮ್‌ಪ್ಲೇಟ್ ಪ್ರಕಾರ’ ಎಂದು ಬರೆದರೆ, ಮುಂದಿನವರು 21ಕ್ಕೆ ಇಡುತ್ತಾರೆ. ಮೋಟರಿಗೆ ರಕ್ಷಣೆಯೇ ಇರುವುದಿಲ್ಲ.

ಮಾನಕದ ಹೆಸರು ಬರೆಯುವಾಗ ವರ್ಷ ಬಿಡಬೇಡಿ. ಅರ್ತಿಂಗಿನ ಐಎಸ್ (ಭಾರತೀಯ ಮಾನಕ) 3043 ಮೊದಲು 1987ರದ್ದಿತ್ತು, ಈಗ 2018ರದ್ದು. ವಯರಿಂಗಿನ ಐಎಸ್ 732 ಮೊದಲು 1989, ಈಗ 2019. ಸುರಕ್ಷತೆಯ ನಿಯಮಗಳೂ 1956ರಿಂದ 2010ಕ್ಕೆ, ಅಲ್ಲಿಂದ 2023ಕ್ಕೆ ಬಂದಿವೆ. ಇವತ್ತಿಗೂ 1956ರ ನಿಯಮದ ನಂಬರ್ ಹಾಕಿದ ವರದಿಗಳು ಕೈಗೆ ಬರುತ್ತವೆ. ಹಳೆಯ ವರದಿ ನೋಡಿ ನಕಲು ಮಾಡುವುದೇ ಇದಕ್ಕೆ ಕಾರಣ. ಭಾರತೀಯ ಮಾನಕ ಬ್ಯೂರೋ ತನ್ನ ಜಾಲತಾಣದಲ್ಲಿ ಮಾನಕಗಳನ್ನು ದುಡ್ಡಿಲ್ಲದೆ ಓದಲು ಕೊಡುತ್ತದೆ, ಇಳಿಸಿಕೊಂಡು ಮೊಬೈಲಿನಲ್ಲೇ ಇಟ್ಟುಕೊಳ್ಳಿ.

ಎಂಟನೆಯದು: ಚಿತ್ರ, ಲೇಬಲ್, ಊರಿನ ಹೆಸರು

ಸಪ್ಲೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಒಂದು ಗೆರೆಯ ಚಿತ್ರ (ಸಿಂಗಲ್ ಲೈನ್ ಡಯಾಗ್ರಮ್) ಪ್ರತಿ ಪ್ಯಾನೆಲಿನ ಬಾಗಿಲ ಒಳಗೆ ಇರಲಿ. ಬದಲಾವಣೆ ಮಾಡಿದ ದಿನವೇ ಚಿತ್ರ ತಿದ್ದಿ, ತಾರೀಕು ಹಾಕಿ. ಚೆಂದಕ್ಕೆ ಮತ್ತೆ ಬರೆಯೋಣ ಎಂದು ಮುಂದೂಡಬೇಡಿ, ಪೆನ್ಸಿಲ್ ತಿದ್ದುಪಡಿಯೇ ಸಾಕು.

ಲೇಬಲ್ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಲಿ. ತುಳು ಮಾತಾಡುವ ಸಹಾಯಕ ಶಾಲೆಯಲ್ಲಿ ಯಾವ ಮಾಧ್ಯಮದಲ್ಲಿ ಕಲಿತಿದ್ದಾನೆ ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಊರಿನ ಹೆಸರಿಗೂ ಇದೇ ಎಚ್ಚರ ಬೇಕು. ಹೊಸದುರ್ಗ ಮತ್ತು ಕಾಞಂಗಾಡ್ ಒಂದೇ ಪೇಟೆ ಎಂದು ನಮಗೆ ಗೊತ್ತು. ತಿರುವನಂತಪುರದಿಂದ ಬಂದ ಎಂಜಿನಿಯರಿಗೂ ಚಿತ್ರದುರ್ಗದಿಂದ ಬಂದವರಿಗೂ ಗೊತ್ತಿರಬೇಕೆಂದಿಲ್ಲ. ಚಿತ್ರದುರ್ಗದಲ್ಲಿ ಬೇರೆಯೇ ಒಂದು ಹೊಸದುರ್ಗ ಇದೆ. ಪಾರ್ಸೆಲ್ ಅಲ್ಲಿಗೆ ಹೋದೀತು. ಎರಡೂ ಹೆಸರು ಬರೆದು ಪಿನ್‌ಕೋಡ್ ಹಾಕಿ.

ಇನ್ವರ್ಟರ್, ಸೋಲಾರ್, ಜನರೇಟರ್ ಇರುವ ಮನೆಯ ಮೀಟರ್ ಬೋರ್ಡಿನಲ್ಲಿ ಅದು ದೊಡ್ಡ ಅಕ್ಷರದಲ್ಲಿ ಕಾಣಬೇಕು. ಅವುಗಳ ಸಪ್ಲೈ ಲೈನಿಗೆ ವಾಪಸ್ ಹೋಗಬಹುದು, ಕಂಬ ಹತ್ತುವ ಲೈನ್‌ಮ್ಯಾನ್ ನಮ್ಮ ಮನೆಯ ಒಳಗೆ ಬಂದು ನೋಡುವುದಿಲ್ಲ.

ಕೊನೆಯ ಹೆಜ್ಜೆ: ಓದಿಸಿ ನೋಡಿ, ಒಣಗಿಸಿ ಇಡಿ

ಬರೆದ ಹಾಳೆಯನ್ನು ಅದನ್ನು ಬಳಸುವವರ ಕೈಗೇ ಕೊಡಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಆಯ್ತು ಎಂದೇ ಹೇಳುತ್ತಾರೆ. ಸಪ್ಲೈ ಆಫ್ ಇರುವಾಗ ‘ಇದರ ಪ್ರಕಾರ ಮಾಡಿ ತೋರಿಸಿ’ ಎನ್ನಿ, ನೀವು ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಅವರ ಕೈ ಎಲ್ಲಿ ತಡೆಯಿತೋ ಆ ಸಾಲು ತಿದ್ದಬೇಕು. ಮೇಲಿನ ಎಂಟು ಸಾಲಿನ ಹಾಳೆಯಲ್ಲಿ ನಾನು ಮೊದಲು ‘ಐಸೊಲೇಟರ್’ ಎಂದು ಬರೆದಿದ್ದೆ. ತೋಟದ ಅಣ್ಣ ಅಲ್ಲಿಗೆ ಬಂದು ನಿಂತರು. ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅವರ ಮನೆಯಲ್ಲಿ ಅದರ ಹೆಸರು ಚೇಂಜ್‌ಓವರ್. ಅದನ್ನೇ ಬರೆದೆ.

ಆಮೇಲೆ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ. ಶೆಡ್ಡಿನ ತೇವಕ್ಕೆ ಬರೀ ಕಾಗದ ಒಂದು ಮಳೆಗಾಲವೂ ಬಾಳುವುದಿಲ್ಲ, ಗೆದ್ದಲು ಬೇರೆ. ಅಂಚಿನಲ್ಲಿ ಬೆರಳಿನಷ್ಟು ಪ್ಲಾಸ್ಟಿಕ್ ಬಿಟ್ಟು ಸೀಲ್ ಮಾಡಿಸಿ, ತೂತು ಕೊರೆಯುವುದಾದರೆ ಆ ಅಂಚಿನಲ್ಲೇ ಕೊರೆಯಿರಿ, ಕಾಗದದ ಮೇಲೆ ಕೊರೆದರೆ ಅಲ್ಲಿಂದ ನೀರು ಇಳಿಯುತ್ತದೆ. ಒಂದು ಪ್ರತಿ ಶೆಡ್ಡಿನಲ್ಲಿ, ಒಂದು ಮನೆಯ ಮೀಟರ್ ಬೋರ್ಡಿನ ಹತ್ತಿರ, ಇನ್ನೊಂದು ನಿಮ್ಮ ಕಡತದಲ್ಲಿ. ಮೂರರಲ್ಲೂ ಒಂದೇ ತಾರೀಕು ಇದೆಯೇ ಎಂದು ಪ್ರತಿ ಮೇ ತಿಂಗಳಲ್ಲಿ, ಅರ್ತ್ ಅಳೆಯಲು ಹೋದಾಗ ನೋಡಿಕೊಳ್ಳಿ.